ಏಳು ನಿಮಿಷ

ಇವತ್ತು ಮಧ್ಯಾಹ್ನದೊಳಗೆ ಮೂರು ಸಲ ಅಣೆಕಟ್ಟು ಒಡೆದೆ.
ಒಮ್ಮೆ ಮೇಲಿಂದ ತುಳುಕಿಸಿ,
ಒಮ್ಮೆ ಒಳಗೊಳಗೇ ಮಣ್ಣು ಕೊರೆಸಿ,
ಮೂರನೆಯದು ಸುಮ್ಮನೆ, ಬಿರುಕಿನ ಅಗಲ ಬದಲಿಸಿ ನೋಡಲು.
ಹೊರಗೆ ಕಲಬುರಗಿ, ನಲವತ್ಮೂರು ಡಿಗ್ರಿ.
ಕೂಲರಿಗೆ ನೀರು ತರಲು ಕೊಡ ಹಿಡಿದು ಹೋದ
ಜವಾನ ರುಕ್ನೋದ್ದೀನ್ ಇನ್ನೂ ಬಂದಿಲ್ಲ.

ತೆರೆಯ ಮೇಲೆ ನೀಲಿ ಇಳಿಯುತ್ತದೆ.
ಯಂತ್ರದ ಪ್ರಶ್ನೆ: ಹೊಲದ ಒರಟು ಎಷ್ಟು?
ತೊಗರಿ ನಿಂತಿದ್ದರೆ ಒಂದು ಅಂಕಿ, ಕೊಯ್ದಿದ್ದರೆ ಇನ್ನೊಂದು.
ನಿಂತ ತೊಗರಿ ನೀರಿನ ಕಾಲು ಹಿಡಿಯುತ್ತದೆ
ನಾಲ್ಕು ನಿಮಿಷ.
ನಿಂತಿದೆ ಎಂದು ಬರೆದೆ, ಆಮೇಲೆ ಅಳಿಸಿದೆ.
ಇಂಥ ಲೆಕ್ಕಕ್ಕೆ ಕೆಟ್ಟ ದಿನವೇ ಬೇಕು.

ಮೂವತ್ತು ಮೀಟರಿನ ಒಂದೊಂದು ಚೌಕ.
ಹಾಸಗೋಳದ ಕೆಳಗೇರಿ ಎಂದರೆ ಹನ್ನೊಂದು ಚೌಕ.
ಒಂದರೊಳಗೆ ಶಾಲೆ, ಬೋರ್‌ವೆಲ್, ಮಶಾಕನ ಫರ್ಸಿ ರಾಶಿ,
ಎಲ್ಲಕ್ಕೂ ಒಂದೇ ಎತ್ತರ.

ಮರುದಿನ ನಕಾಶೆ ಸುತ್ತಿಕೊಂಡು ಅಲ್ಲಿಗೇ ಹೋದೆ.
ಪಂಚಾಯ್ತಿ ಕಟ್ಟೆಯ ಕಲ್ಲು ಹೆಂಚಿನಂತೆ ಕಾದಿತ್ತು.
"ಮೈಕ್ ಎರಡು ಅವ ಮೇಡಂ,
ಮಸೂತಿದೊಂದು, ಹಣಮಪ್ಪನ ಗುಡಿದೊಂದು.
ಒಂದು ಕೂಗಿಗಿ ಊರೆಲ್ಲ ಏಳ್ತದ."

ನಾನು ಬೆರಳಿಟ್ಟು ತೋರಿಸಿದೆ, ಹಳ್ಳದ ದಂಡೆಯ ಟ್ರಾನ್ಸ್‌ಫಾರ್ಮರ್.
ಸುದ್ದಿ ತಾಲೂಕು ಸುತ್ತಿ ಇಲ್ಲಿಗೆ ಬರುವುದೇ ಇಪ್ಪತ್ತೊಂಬತ್ತನೇ ನಿಮಿಷಕ್ಕೆ.
ಮೂವತ್ತೊಂದಕ್ಕೆ ಟ್ರಾನ್ಸ್‌ಫಾರ್ಮರ್ ಮುಳುಗುತ್ತದೆ.
ಕೆಳಗೇರಿಗೆ ನೀರು ಮೂವತ್ತೆಂಟಕ್ಕೆ.
ನಡುವಿನ ಏಳು ನಿಮಿಷ
ಒಂದೇ ತಂತಿಗೆ ಜೋತ ಎರಡೂ ಮೈಕು ಮೂಕ.

ಯಾರೂ ಮಾತಾಡಲಿಲ್ಲ.
ಖಣಿಯಲ್ಲಿ ಕಲ್ಲು ಹೊರುವ ಸಾಬಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು
"ಖಣ್ಯಾಗ ರೈಲ್ ಪಟ್ಟಿ ತುಂಡು ತೂಗ್ಹಾಕ್ಯಾರಲ್ಲ,
ಮದ್ದು ಹಾರ್ಸೂಕಿಂತ ಮೊದ್ಲ ಮೂರು ಏಟು ಬಡೀತಾರ,
ಕೂಸು ಸುದ್ದಾ ಓಡ್ತದ.
ಅದಕ್ಕ ಕರೆಂಟ್ ಬೇಕಾಗಂಗಿಲ್ಲ" ಅಂದಳು.

ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೆ.
ಮಶಾಕ ನಕ್ಕ. "ಎಲ್ಲಿಗಿ ಓಡ್ತೀವಿ, ಹೇಳ ಅವರಿಗಿ."

ಖಣಿ ಇರುವುದು ದಿಬ್ಬದ ಮೇಲೆ.
ಕಲ್ಲು ಸಿಡಿದರೆ ಊರು ಓಡುವುದು ಕೆಳಕ್ಕೆ,
ಹಳ್ಳಕ್ಕೆ,
ನನ್ನ ನಕಾಶೆಯ ಕಡುನೀಲಿಗೆ.
ಇಪ್ಪತ್ತು ವರ್ಷದಿಂದ ಕಾಲಿಗೆ ಗೊತ್ತಿರುವ ದಾರಿ ಅದೊಂದೇ.

ಅದಕ್ಕೇ ಮೂರು ಏಟು ಕಲ್ಲಿಗೆ,
ಕೈ ಸೋಲುವ ತನಕ ಬಿಡದೆ ಬಡಿದರೆ ನೀರಿಗೆ.
ನೀರೆಂದರೆ ಮೇಲಕ್ಕೆ, ಖಣಿಯ ಬಾಯಿಗೆ.

ಬಿಸಿಲು ಇಳಿದ ಮೇಲೆ ಬಡಿದು ನೋಡಿದೆವು.
ಮೊದಲ ಸಲ ಅರ್ಧ ಊರು ಹಳ್ಳದಲ್ಲಿ ನಿಂತು
ತಂತಮ್ಮ ಕಾಲು ನೋಡಿಕೊಂಡು ನಕ್ಕಿತು.
ಎರಡನೇ ಸಲ ಏಳೆಂಟು ಜನ.
ಮೂರನೇ ಸಲ ಒಬ್ಬಳೇ ಕೆಳಗೆ ಓಡಿದಳು,
ಸಾಬಮ್ಮನ ಮೊಮ್ಮಗಳು ದೌಲತಿ.
"ತಪ್ಪಿದೆಯಲ್ಲೇ" ಅಂದರೆ
"ತಪ್ಪಿಲ್ಲ. ನನ್ನ ಆಡು ಅಲ್ಲೇ ಕಟ್ಟೀನಿ."

ವರದಿಯ ನಮೂನೆಯಲ್ಲಿ ಸೈರನ್, ಧ್ವನಿವರ್ಧಕ, ಇತರೆ.
ಇತರೆಗೆ ಗುರುತು ಹಾಕಿ ರೈಲು ಪಟ್ಟಿ ತುಂಡು, ಒಂದು, ಎಂದು ಬರೆದೆ.
ರುಕ್ನೋದ್ದೀನ್ ನೀರು ತುಂಬಿದ, ಕೂಲರು ಗೊರಗೊರ ಅಂತು.
ನಾಲ್ಕನೇ ಸಲ ಒಡೆಯಲು ಕೂತೆ.
ಆಡಿನ ಹಗ್ಗ ಬಿಚ್ಚಿ ದಿಬ್ಬ ಹತ್ತಲು ಎಷ್ಟು ಹೊತ್ತು ಎಂದು
ಆ ಹುಡುಗಿಯನ್ನು ಕೇಳಬೇಕಿತ್ತು.