ಟ್ರಾಸ್ಕ್, ವರ್ನೆಲ್: ಎರಡನೇ ಮುದ್ರಣಕ್ಕೆ

ಮುನ್ನೂರ ಹನ್ನೆರಡು ಪದ. ಅಷ್ಟರಲ್ಲಿ ಒಬ್ಬ ಮನುಷ್ಯ.
ಮೇಜಿನ ಮೇಲಿಟ್ಟು ಹೋಗಿದ್ದಾರೆ ಹಾಲ್ವರ್ಸನ್:
ಜಾಝ್ ವಿಶ್ವಕೋಶದ ಕೊನೆಯ ಸಂಪುಟ ಶುಕ್ರವಾರ ಅಚ್ಚಿಗೆ,
ತಪ್ಪಿದ್ದರೆ ತಿದ್ದು, ಉದ್ದ ಮಾತ್ರ ಮಾಡಬೇಡ.

ಹೊರಗೆ ಶಿಕಾಗೊ, ಮಾರ್ಚ್ ತಿಂಗಳ ಕೊಳಕು ಹಿಮ.
ಕಿಟಕಿಯ ಮಟ್ಟಕ್ಕೆ ರೈಲು ಹಾದಾಗಲೆಲ್ಲ
ನನ್ನ ಕೆಂಪು ಪೆನ್ಸಿಲು ತಾನಾಗಿ ಉರುಳುತ್ತದೆ.

ಮೊದಲು ಸುಲಭದ್ದು.
'ಅಪ್ರತಿಮ' ತೆಗೆದೆ. 'ದಂತಕಥೆ' ತೆಗೆದೆ.
'ಮಾಂತ್ರಿಕ ಬೆರಳು' ಎರಡು ಸಲ ಇತ್ತು, ಎರಡೂ ಹೋದವು.
ಹೊಗಳಿಕೆ ಕಿತ್ತ ಜಾಗದಲ್ಲಿ
ಗೋಡೆಯ ಮೊಳೆ ತೂತಿನಂತೆ ಅಲ್ಲಲ್ಲಿ ಖಾಲಿ.
ಹುಟ್ಟಿದ್ದು ಇಪ್ಪತ್ತಮೂರರಲ್ಲಿ ಎಂದಿದೆ;
ಸೇನೆಯ ಕಾಗದ ಇಪ್ಪತ್ತೊಂದು ಅನ್ನುತ್ತದೆ.
ಕೆಲಸಕ್ಕೊಂದು ವಯಸ್ಸು, ಹುಡುಗಿಯರಿಗೊಂದು ವಯಸ್ಸು.
ನಮ್ಮಪ್ಪನೂ ಹಾಗೇ ಇದ್ದ, ಅದು ಇಲ್ಲಿಗೆ ಬೇಡ.
ಪ್ರಶ್ನೆಯ ಗುರುತು ಹಾಕಿ ಮುಂದೆ ಹೋದೆ.

ಆಮೇಲೆ ಈ ಸಾಲು:
'೧೯೫೮ರ ಅಪಘಾತದ ನಂತರ ಎಡಗೈ ಸೋತಿತು;
ಮುಂದಿನ ಎಂಟು ವರ್ಷ ಸಂಗೀತದಿಂದ ಕಣ್ಮರೆ.'

ಯಾರ ಕಣ್ಣಿಗೆ?

ಬರೆದವರು ತೀರಿಕೊಂಡಿದ್ದಾರೆ. ಆಧಾರ: ಒಂದು ಪತ್ರಿಕೆ.
ಪತ್ರಿಕೆಗೆ ಆಧಾರ: ನಮ್ಮದೇ ಮೊದಲ ಮುದ್ರಣ.
ಕುರುಡ ಕುರುಡನ ಹೆಗಲು ಹಿಡಿದು
ಇಪ್ಪತ್ತು ವರ್ಷದಿಂದ ಒಂದೇ ಕಂಬ ಸುತ್ತುತ್ತಿದ್ದಾರೆ.

ಬುಧವಾರ ರಜೆ ಹಾಕಿ ಗ್ಯಾರಿಗೆ ಹೋದೆ.
ಉಕ್ಕಿನ ಕಾರ್ಖಾನೆಯ ಬೆನ್ನಿಗೊರಗಿದ ಬೀದಿ.
ತಂಗಿ ಓಡೆಲ್, ಅರವತ್ತೈದು,
ಬಾಗಿಲ ಸರಪಳಿ ತೆಗೆಯದೆಯೇ ಕೇಳಿದರು:
'ಕಣ್ಮರೆಯೇ? ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ
ಚರ್ಚಿನಲ್ಲಿ, ನಮ್ಮೆಲ್ಲರ ಕಣ್ಣೆದುರು.
ಜಾಝ್ ಬಗ್ಗೆ ಬರೆಯುವವರು ಆ ಹೊತ್ತಿಗೆ ಏಳುತ್ತಿರಲಿಲ್ಲ, ಅಷ್ಟೆ.'
ಸರಪಳಿ ಆಮೇಲೆ ತೆಗೆದರು. ಕಾಫಿ ಕೊಟ್ಟರು.
ಪುರಾವೆ ಕೇಳಿದ್ದಕ್ಕೆ, 'ನಾನಿದ್ದೀನಲ್ಲ' ಅಂದರು.

ನೀವಿದ್ದೀರಿ, ಓಡೆಲ್, ಆದರೆ ನೀವು ಅಚ್ಚಾಗಿಲ್ಲ.
ಅದನ್ನು ಹೇಳಲಾರದೆ ಇನ್ನೊಂದು ಲೋಟ ಕುಡಿದೆ.

ಚರ್ಚಿನ ಗುಮಾಸ್ತ ಬೀರುವಿನ ತಳದಿಂದ ತೆಗೆದದ್ದು
ಪಿಯಾನೊಗೆ ಶ್ರುತಿ ಮಾಡುತ್ತಿದ್ದ ಕಾಜಿಸ್ ಸ್ಟಾಂಕುಸ್‌ನ ರಸೀದಿಗಳು,
ಹಸಿರು ಶಾಯಿ, ವಕ್ರ ಕಾಗುಣಿತ:
'ನವೆಂಬರ್ ೧೯೫೮. ಎಡತುದಿಯ ತಂತಿ ಕಡಿದಿದೆ. ಹೊಸತು ಹಾಕಿದೆ.
ಜೂನ್ ೧೯೬೦. ಅದೇ ತಂತಿ.
ಈಸ್ಟರ್ ೧೯೬೧. ಅದೇ, ಪಕ್ಕದ್ದೂ. ನಾಲ್ಕು ಡಾಲರ್.
ದಯವಿಟ್ಟು ಟ್ರಾಸ್ಕ್ ಅವರಿಗೆ ಹೇಳಿ, ದೇವರಿಗೆ ಕಿವಿ ಮಂದವಲ್ಲ.'
ಹೀಗೇ ಅರವತ್ತಾರರವರೆಗೆ.

ರೈಲಿನಲ್ಲಿ ಒಬ್ಬಳೇ ನಕ್ಕೆ; ಎದುರಿನವನು ಸೀಟು ಬದಲಿಸಿದ.
ಸೋತ ಕೈ ಉಕ್ಕಿನ ತಂತಿ ಕಡಿಯುತ್ತದೆಯೇ?
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ.
ಎಡಗೈ ಕೊಟ್ಟದ್ದು ಬರೆದಿಟ್ಟದ್ದು
ಬಿಲ್ಲು ಬರೆಯುವವನೊಬ್ಬನೇ.

ಗುರುವಾರ ಹಾಲ್ವರ್ಸನ್ ರಸೀದಿ ತಿರುಗಿಸಿ ತಿರುಗಿಸಿ ನೋಡಿದರು.
'ಇದು ಆಧಾರವೇ?'
ತಾರೀಖಿದೆ, ಸಹಿಯಿದೆ. ಸುಳ್ಳು ಬರೆದು ಅವನಿಗೇನು ಲಾಭ?
'ತಂತಿ ಮಾರಿದ ಲಾಭ.'
ಒಂದು ಗಳಿಗೆ ನನಗೂ ಅನುಮಾನ ಬಂತು.
ಆದರೆ ತಂತಿ ಮಾರುವವನು ಎಡ ಬಲ ನೋಡುತ್ತಾನೆಯೇ?
ಅವರು ಕನ್ನಡಕ ಒರೆಸಿಕೊಂಡರು.
'ಎಂಟು ಪದ ಕೊಡುತ್ತೇನೆ. ಕೆಳಗೆ ಟ್ರೊಂಬೋನ್ ಕಾಯುತ್ತಿದೆ.'

ಬರೆದೆ:
'೧೯೫೮–೬೬: ಗ್ಯಾರಿಯ ಚರ್ಚಿನಲ್ಲಿ ಪ್ರತಿ ಭಾನುವಾರ
ಎರಡೂ ಕೈಗಳಿಂದ ನುಡಿಸಿದರು.'

'ಎರಡೂ ಕೈಗಳಿಂದ' ಹೊಡೆದುಹಾಕಿದರು.
'ಪಿಯಾನೊ ಮತ್ತೆ ಹೇಗೆ ನುಡಿಸುತ್ತಾರೆ?'

ಎರಡು ಪದ ಉಳಿಯಿತು.
ರೈಲು ಬಂತು. ಪೆನ್ಸಿಲು ಉರುಳುವ ಮೊದಲೇ ಹಿಡಿದು
ಸಾಲಿನ ತುದಿಗೆ ಸೇರಿಸಿದೆ:

ತಂಗಿ, ಓಡೆಲ್.