ಬ್ರೆಡ್ಡಿನ ವ್ಯಾನಿನವಳು ಹೇಳಿದ್ದು

ಊಟಕ್ಕೆಲ್ಲಿ ಹೋಗಲಿ ಎಂದು ನೀನು ಕೇಳಿದ್ದು
ಸರಿಯಾದವಳನ್ನೇ.
ಗಲೀಸಿಯಾದ ಈ ಕಡಲಂಚಿನ ಊರಿನ ಹೋಟೆಲುಗಳನ್ನು
ಇಪ್ಪತ್ತೆರಡು ವರ್ಷದಿಂದ
ನಾನು ಹಿಂಬಾಗಿಲಿನಿಂದ ಬಲ್ಲೆ.
ಬೆಳಗಿನ ಐದಕ್ಕೆ ವ್ಯಾನು ನಿಲ್ಲಿಸಿ ಬುಟ್ಟಿ ಇಳಿಸುವಾಗ
ಯಾರ ಬಾಣಲೆಯ ಎಣ್ಣೆ ಮೊನ್ನೆಯದು,
ಯಾರ ಮೂಳೆಸಾರು ರಾತ್ರಿಯಿಡೀ ಸಣ್ಣಗೆ ಕುದಿದಿದೆ,
ಮೂಗೇ ಹೇಳುತ್ತದೆ.
ಮೆನು ಓದುವವರು ಓದಿಕೊಳ್ಳಲಿ.

ಬಂದರಿನ ಮುಂದಿನ ‘ನೀಲಿ ಲಂಗರು’ ಬೇಡ.
ಏಳು ಭಾಷೆಯ ಮೆನು, ಬಣ್ಣದ ಫೋಟೋ,
ಫೋಟೋದಲ್ಲಿ ನಗುತ್ತಿರುವ ಸೀಗಡಿ
ಫ್ರೀಜರಿನಲ್ಲಿ ಕೂತು ನನಗಿಂತ ಹೆಚ್ಚು ದೇಶ ಸುತ್ತಿದೆ.
ಆಕ್ಟೋಪಸ್ ಕೇಳಿದೆಯೋ,
ಟೈರಿನ ತುಂಡಿಗೆ ಮೆಣಸಿನಪುಡಿ ಉದುರಿಸಿ ಕೊಡುತ್ತಾರೆ.
ಬಿಳಿ ವೈನಿಗೆ ಹದಿನೆಂಟು ಯೂರೋ.
ಬಾಟಲಿಯ ಮೇಲೆ ಹಾಯಿದೋಣಿ, ಚಿನ್ನದ ಅಂಚು;
ಒಳಗಿರುವುದು ಸಹಕಾರಿ ಸಂಘದ ಪೀಪಾಯಿಯದೇ.
ಬಸ್ ನಿಲ್ದಾಣದ ಹಿಂದಿನ ಬಾರಿನಲ್ಲಿ
ಅದೇ ಸರಕು ಅಂಗಿ ತೊಡದೆ
ಲೋಟಕ್ಕೆ ಒಂದೂವರೆ ಯೂರೋಗೆ ಕೂತಿರುತ್ತದೆ.

ನಿಲ್ದಾಣದ ಹಿಂದಕ್ಕೇ ಹೋಗು.
ಬುಧವಾರ ಕಡಲೆಕಾಳು ಹಾಕಿದ ಬೋಟಿ.
ಬೇರೆ ದಿನದ್ದು ಗೊತ್ತಿಲ್ಲ, ನಾನು ಬುಧವಾರದ ಗಿರಾಕಿ.
ಒಂದು ಬ್ರೆಡ್ಡು ಸಾಲದು ಎಂದು ಈಗಲೇ ಹೇಳಿರುತ್ತೇನೆ—
ಇದರಲ್ಲಿ ನನ್ನ ವ್ಯಾಪಾರವೂ ಇದೆ, ಸುಳ್ಳಲ್ಲ.

ಇನ್ನು ಗುಡ್ಡದ ದಾರಿ.
ಬಾಗಿಲಿಗೆ ಲಾರೆಲ್ ಕೊಂಬೆ ಕಟ್ಟಿದ್ದರೆ
ಆ ಮನೆಯವರು ಕುಡಿದು ಮಿಕ್ಕ ವೈನು ಮಾರಾಟಕ್ಕಿದೆ ಎಂದರ್ಥ.
ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಹಲಗೆಯ ಮೇಜು,
ಬಿಳಿ ಪಿಂಗಾಣಿ ಬಟ್ಟಲು,
ಕುಡಿದಿಟ್ಟರೆ ಅದರೊಳಗೆ
ಹಿಪ್ಪುನೇರಳೆ ತಿಂದ ಮಗುವಿನ ನಾಲಿಗೆ.

ಅಲ್ಲಿ ಎದುರುಬದುರಾಗಿ ಎರಡು ಕೊಂಬೆ ಕಾಣುತ್ತವೆ.
ಎಡಕ್ಕೆ ಅಮಾಡೋರ್. ಬಲಕ್ಕೆ ಅವನ ತಂಗಿ ಎರುಂದಿನಾ.
ಎರಡೂ ಕಡೆ ವೈನು ಮುಟ್ಟಬೇಡ.

ಅಪ್ಪ ಸತ್ತ ವರ್ಷ ಪಾಲಾಯಿತು:
ನೆಲಮಾಳಿಗೆ, ಚೆಸ್ಟ್‌ನಟ್ ಮರದ ಹಳೆ ಪೀಪಾಯಿಗಳು ಅಣ್ಣನಿಗೆ;
ಬಿಸಿಲಿಗೆ ಮೈಯೊಡ್ಡಿದ ದ್ರಾಕ್ಷಿಯ ಇಳಿಜಾರು ತಂಗಿಗೆ.
ಅವನು ಹೊಳೆಯಾಚೆಯ ಅಗ್ಗದ ಹಣ್ಣು ತಂದು
ಆ ಪೀಪಾಯಿಗಳ ಮಾನ ಕಳೆಯುತ್ತಾನೆ—
ಬರೀ ನೀರು, ಹಿಂದೆಲ್ಲೋ ಮರದ ವಾಸನೆ,
ಪೂಜೆ ಮುಗಿದ ಚರ್ಚಿನ ಬೆಂಚಿನ ಹಾಗೆ.
ಇವಳದು ಪ್ಲಾಸ್ಟಿಕ್ ಡ್ರಮ್ಮು.
ಹಣ್ಣೇನೋ ದೇವರ ಹಣ್ಣು,
ಆದರೆ ಹಲ್ಲು ಚಳಿಯುವ ಹುಳಿ, ಮೇಲೆ ಹೊಸ ಬಕೆಟ್ಟಿನ ರುಚಿ.
ಹದಿನಾಲ್ಕು ವರ್ಷ. ಮಾತಿಲ್ಲ.
ಅವಳ ಹತ್ತಿರ ಇವತ್ತೆಷ್ಟು ಜನ ಎಂದು ಅವನು ಕೇಳುತ್ತಾನೆ,
ಅವನ ಕೆಮ್ಮು ಹೇಗಿದೆ ಎಂದು ಅವಳು.
ನಾನು ಇಬ್ಬರಿಗೂ ಬ್ರೆಡ್ಡಿನ ಲೆಕ್ಕ ಒಪ್ಪಿಸಿ ಗಾಡಿ ಎತ್ತುತ್ತೇನೆ.

ಊಟ ಬೇಕಾದರೆ ಮಾಡು.
ತಂಗಿಯ ಆಲೂಗಡ್ಡೆ ಆಮ್ಲೆಟ್ಟು,
ನಡುವೆ ಇನ್ನೂ ಹಸಿ, ಹಾಗೇ ಇರಬೇಕು;
ಅಣ್ಣ ಸುಟ್ಟ ಸಾರ್ಡೀನು, ನಮ್ಮ ಜೋಳದ ಬ್ರೆಡ್ಡಿನ ಮೇಲೆ,
ಬೆರಳಲ್ಲೇ.
ವೈನು ತರಲೇ ಎಂದರೆ ಔಷಧಿ ನಡೀತಿದೆ ಅನ್ನು.

ಆದರೆ ಒಂದು ಮಾತು. ಯಾರ ಹತ್ತಿರವೂ ಬಾಯಿಬಿಡಬೇಡ.
ಹೋದ ಕ್ರಿಸ್ಮಸ್ಸಿಗೆ ಅವನೊಂದು ಬಾಟಲಿ ಕೊಟ್ಟ, ಇವಳೊಂದು.
ಕುಡಿಯಲಾರೆ, ಚೆಲ್ಲಲೂ ಮನಸ್ಸಿಲ್ಲ;
ಸಾರಿಗೆ ಸಾರು ಸೇರಿಸುವ ಹಾಗೆ
ಎರಡನ್ನೂ ಒಂದೇ ಥರ್ಮಾಸಿಗೆ ಸುರಿದೆ.
ಸ್ಮಶಾನದ ಗೋಡೆಯ ಪಕ್ಕ ವ್ಯಾನು ನಿಲ್ಲಿಸಿ
ಮುಚ್ಚಳಕ್ಕೆ ಬಗ್ಗಿಸಿ ಬಾಯಿಗಿಟ್ಟರೆ—

ಅವರಪ್ಪನ ವೈನು.
ಮೀನು ಮುಗಿದ ಮೇಲೂ ಯಾರೂ ಏಳದ ಆ ಮೇಜು.
ಹುಳಿ ಕೊನೆಗೂ
ಮರದ ನೆರಳಿಗೆ ಬಂದು ಕೂತಿತ್ತು.

ಅಂದಿನಿಂದ ಪ್ರತಿ ಶನಿವಾರ ಇಬ್ಬರಲ್ಲೂ ಕೊಳ್ಳುತ್ತೇನೆ,
ಅಲ್ಲಿ ಮೂರು ಯೂರೋ, ಇಲ್ಲಿ ಮೂರು ಯೂರೋ.
ಡೆಲ್ಮಿರಾ, ನಾಲಿಗೆ ಸತ್ತಿದೆಯೇನೇ, ಎಂದು ಬೇಕರಿಯಲ್ಲಿ ನಗುತ್ತಾರೆ.
ಅಳತೆ ಇನ್ನೂ ಕೈಗೆ ಹತ್ತಿಲ್ಲ:
ಅವನದು ಎರಡು ಪಾಲು, ಅವಳದು ಮೂರೋ ಏನೋ,
ಹೋದ ವಾರ ಕೂಡಿಬಂದಿತ್ತು, ಈ ವಾರ ಇಲ್ಲ.

ಶನಿವಾರ ಬಿಡುವಿದ್ದರೆ ಬಾ.
ಲೋಟ ನೀನೇ ತಂದುಕೋ,
ಥರ್ಮಾಸಿಗೆ ಇರುವುದು ಒಂದೇ ಮುಚ್ಚಳ.