ಮುರಿದು ನೋಡುವವಳು

ಮುರಿಯುವುದು ನನ್ನ ಕೆಲಸ.
ಟ್ರೋಲ್‌ಹೆಟನ್ ಊರಿನ ಹೊಳೆದಂಡೆಯ ಪ್ರಯೋಗಾಲಯದಲ್ಲಿ
ಇಪ್ಪತ್ತೆರಡು ವರ್ಷದಿಂದ ಸಂಬಳ ಎಣಿಸಿಕೊಂಡು ಮುರಿಯುತ್ತಿದ್ದೇನೆ.
ಬೆರಳುದ್ದದ ಸರಳು, ಮೇಲೊಂದು ಕೆಳಗೊಂದು ದವಡೆ,
ನಡುವೆ ಎಳೆತ.
ಠಣ್ಣೆಂದ ಗಳಿಗೆಯನ್ನು ಬರೆದಿಡುತ್ತೇನೆ.

ಈ ಹೊತ್ತು ಮೇಜಿನ ಮೇಲೆ ಮೂರು.
ಮೂರೂ ಒಂದೇ ಹುಡಿಯ ಮಕ್ಕಳು:
ಅರ್ಧಕ್ಕೆ ಮಿಕ್ಕ ನಿಕ್ಕಲ್, ಒಂದಿಷ್ಟು ಕ್ರೋಮಿಯಂ,
ನೂರಕ್ಕೆ ಐದು ಪಾಲು ನಯೋಬಿಯಂ.
ಮೂವತ್ತೊಂದು ಗಂಟೆ ಲೇಸರಿನ ಸೂಜಿ
ಕೂದಲಿಗಿಂತ ತೆಳುವಾದ ಪದರಕ್ಕೆ ಪದರ ಹೊಲಿದು
ಎಬ್ಬಿಸಿದ ಗೋಡೆಯಿಂದ ಕೊಯ್ದವು.

ಕೊಯ್ಯುವಾಗ ಒಂದು ಎಡವಟ್ಟು.
ಹೊಸ ಹುಡುಗ ತೂರೆ, ಅವಸರದವನು,
ಒಲೆ ಕಾಣಿಸುವ ಮೊದಲೇ
ಟರ್ಬೈನಿನ ಅಲಗೊಂದನ್ನು ತಟ್ಟೆಯಿಂದ ಬಿಡಿಸಹೊರಟ.
ಗರಗಸ ಅರ್ಧ ದಾಟಿತ್ತು, ಅಷ್ಟೇ,
ಅಲಗು ತುದಿಯೆತ್ತಿತು,
ಬಿಸಿಲು ಕಂಡ ಬರ್ಚ್ ತೊಗಟೆಯ ಹಾಗೆ ಮುದುರಿತು.
"ನಾನೇನೂ ಮಾಡಲಿಲ್ಲ" ಅಂದ.
ನಿಜ, ಅವನು ಮಾಡಲಿಲ್ಲ.
ಒಳಗಿದ್ದದ್ದು ಎದ್ದಿತು.
ಕರಗಿ, ರೆಪ್ಪೆ ಬಡಿಯುವುದರೊಳಗೆ ಹೆಪ್ಪುಗಟ್ಟಿ,
ಮೇಲಿನ ಪದರ ಕುಗ್ಗುತ್ತ, ಕೆಳಗಿನದನ್ನು ಜಗ್ಗುತ್ತ,
ಸಾವಿರ ಸಣ್ಣ ಸಿಟ್ಟು.
ತಟ್ಟೆ ಹಿಡಿದಿದ್ದಷ್ಟು ಹೊತ್ತು ಮಾತ್ರ ನೆಟ್ಟಗೆ.

ನಮ್ಮೂರ ಜಲಪಾತದ ಕತೆಯೂ ಅದೇ.
ಕದವಿಕ್ಕಿ ನೀರನ್ನೆಲ್ಲ ಕರೆಂಟಿಗೆ ತಿರುಗಿಸಿದ್ದಾರೆ,
ಬಂಡೆಗಳು ಬೋಳು.
ಬೇಸಿಗೆಯಲ್ಲಿ ಕೆಲವೇ ನಿಮಿಷ ಬಿಡುತ್ತಾರೆ:
ಕಣಿವೆ ತುಂಬ ಬಿಳಿಯ ಗದ್ದಲ,
ಐಸ್‌ಕ್ರೀಮು ಕರಗುವುದನ್ನೂ ಮರೆತು ನಿಂತ ಜನ.
ಲೋಹಕ್ಕೆ ಆ ಹಬ್ಬ ಸಲ್ಲದು.
ಅದರ ಕದ ತೆರೆಯಬೇಕಾದದ್ದು ಸದ್ದಿಲ್ಲದೆ.

ತೆರೆಯುವವಳು ಮಾಯ್‌ಲಿಸ್,
ನೆಲಮಾಳಿಗೆಯ ನಿರ್ವಾತ ಒಲೆಯ ಒಡತಿ.
ಪಂಪಿನ ಮೊರೆತಕ್ಕೆ ಒಂದು ಕಿವಿ ಕೊಟ್ಟವಳು.
ಅವಳ ಪುಸ್ತಕದಲ್ಲಿ ಪೆನ್ಸಿಲ್ಲಿನ ಅಕ್ಷರ:
ಸಾವಿರದ ಎಂಬತ್ತು ಡಿಗ್ರಿ, ಒಂದೂವರೆ ಗಂಟೆ.
ಏಳುನೂರ ಇಪ್ಪತ್ತು, ಎಂಟು ಗಂಟೆ.
ಇಳಿಸು, ಮೆಲ್ಲಗೆ.
ಆರುನೂರ ಇಪ್ಪತ್ತು, ಮತ್ತೆ ಎಂಟು.
ಅಂಚಿನಲ್ಲಿ, ರಾತ್ರಿ ಪಾಳಿಯವರಿಗೆ:
ಊಟ ಮಾಡಿ. ಇಣುಕಬೇಡಿ.

ಅವಳ ಆ ಮೊದಲ ಬೆಂಕಿ ಮರೆಸುವುದಕ್ಕೆ.
ಮೂಲೆಮೂಲೆಯಲ್ಲಿ ಗುಂಪುಗೂಡಿ ಕೂತ ನಯೋಬಿಯಂ
ಚದುರಿ ಎಲ್ಲ ಕಡೆ ಬೆರೆಯುತ್ತದೆ.
ಆಮೇಲಿನ ಹದಿನಾರು ಗಂಟೆ ನೆನಪು ಕಟ್ಟುವುದಕ್ಕೆ.
ಕಣ್ಣಿಗೆ ಕಾಣದ ಬಿಲ್ಲೆಗಳು ಕೋಟಿ ಕೋಟಿ ಹುಟ್ಟಿ
ಹರಳಿನೊಳಗೆ ಜಾರಹೊರಟ ಒಂದೊಂದು ಗೆರೆಗೂ
ಅಡ್ಡಗಾಲು ಹಾಕುತ್ತವೆ.
ಗಟ್ಟಿತನವೆಂದರೆ ಇಷ್ಟೇ, ತೂರೆ,
ಜಾರಗೊಡದೆ ಇರುವುದು.

ಒಂದನೆಯ ಸರಳು ಒಲೆಯನ್ನೇ ಕಾಣದ್ದು.
ಬೇಗ ಸೋತಿತು, ಉದ್ದುದ್ದ ಹಿಗ್ಗಿತು.
ಎರಡನೆಯದಕ್ಕೆ ಮರೆಸುವ ಬೆಂಕಿ ತಪ್ಪಿಸಿ
ಸೀದಾ ಹದಿನಾರು ಗಂಟೆ.
ಏರಿತು, ಏರಿತು, ಗೆರೆ ಕಾಗದದ ನೆತ್ತಿ ಮುಟ್ಟಿತು,
ಸುಳಿವು ಕೊಡದೆ ಪಟ್ಟನೆ ಎರಡಾಯಿತು.
ಮೂರನೆಯದು ಎಲ್ಲ ಉಂಡದ್ದು.
ಎರಡನೆಯದಕ್ಕಿಂತ ಒಂದು ಬೆರಳು ಕೆಳಗೆ ನಿಂತು
ಹಿಡಿಯಿತು, ಹಿಡಿದೇ ಇತ್ತು,
ಸೊಂಟ ಸಣ್ಣಗಾಗುವುದು ಕಂಡು
ನಾವು ಮಾತು ನಿಲ್ಲಿಸಿದೆವು.

ಗಿರಾಕಿಯ ನಮೂನೆಯಲ್ಲಿ ಒಂದೇ ಚೌಕ: ಅತಿ ಹೆಚ್ಚು ಬಲ ಯಾವುದಕ್ಕೆ?
ಅದರ ಕೆಳಗೆ ಅವರದೇ ಸಾಲು:
ಒಲೆಯ ಖರ್ಚು ಇಳಿಸಬಹುದೇ?
ಚೌಕದಲ್ಲಿ ಎರಡು ಅಂತ ಬರೆದೆ.
ಸುಳ್ಳು ಬರೆಯುವಂತಿಲ್ಲವಲ್ಲ.
ಆಮೇಲೆ ಹಾಳೆ ತಿರುವಿ, ಚೌಕವಿಲ್ಲದ ಬೆನ್ನಿನ ಮೇಲೆ
ಉಳಿದದ್ದನ್ನು ಬರೆಯುತ್ತ ಕೂತೆ.

ತೂರೆ ತುಂಡುಗಳನ್ನು ಜೋಡಿಸಿಡುತ್ತಿದ್ದ.
ಎರಡನೆಯದು ತಣ್ಣಗಿತ್ತು.
ಮೂರನೆಯದರ ಮುರಿದ ತುದಿ ಮುಟ್ಟಿದವನು
ಬೆರಳು ಹಿಂದೆಳೆದುಕೊಂಡ.
"ಇದು ಬೆಚ್ಚಗಿದೆ" ಅಂದ, ನನ್ನನ್ನು ನೋಡಿ,
ಇನ್ನೊಮ್ಮೆ ಮುಟ್ಟಿದ.